ಈಟನ್ನಿಗೆ ದೊರೆತ ಸೊನ್ನೆ

ಇಂಗ್ಲೆಂಡಿನಲ್ಲಿ ಪ್ರೌಢಶಾಲೆಗಳ ಪರೀಕ್ಷಾಫಲವನ್ನು ಸರ್ಕಾರವೇ ಪಟ್ಟಿಮಾಡಿ ಪ್ರಕಟಿಸತೊಡಗಿದುದು 1992ರಲ್ಲಿ. ಆ ಅಂಕಿಗಳನ್ನು ಮೇಲುಕೀಳಾಗಿ ಜೋಡಿಸಿ ಇದೇ ಶ್ರೇಷ್ಠ, ಇದೇ ಕನಿಷ್ಠ ಎಂದು ಸಾರುವ ಕೆಲಸವನ್ನು ವೃತ್ತಪತ್ರಿಕೆಗಳು ಉತ್ಸಾಹದಿಂದ ವಹಿಸಿಕೊಂಡವು. 2015ರ ಜನವರಿಯಲ್ಲಿ ಹೊರಬಿದ್ದ ಪಟ್ಟಿಯಲ್ಲಾದರೋ, ಆರನೆಯ ಹೆನ್ರಿ ದೊರೆಯು 1440ರಲ್ಲಿ ಸ್ಥಾಪಿಸಿದ, ಬ್ರಿಟನ್ನಿಗೆ 20 ಮಂದಿ ಪ್ರಧಾನಮಂತ್ರಿಗಳನ್ನು ಕೊಟ್ಟ ಈಟನ್ ವಸತಿಶಾಲೆಯೂ, ಜವಾಹರಲಾಲ ನೆಹರೂ ಅವರು ಓದಿದ ಹ್ಯಾರೋ ಶಾಲೆಯೂ ಶೇಕಡಾ ಸೊನ್ನೆಯನ್ನು ಪಡೆದು ತಳದಲ್ಲಿ ನಿಂತಿದ್ದವು. ಬಾಲಕರು ದಡ್ಡರಾಗಿರಲಿಲ್ಲ, ಉಪಾಧ್ಯಾಯರು ಸೋಮಾರಿಗಳಾಗಿರಲಿಲ್ಲ. ಹದಿನಾರರ ಪ್ರಾಯದಲ್ಲಿ ಬರೆಯುವ ಪರೀಕ್ಷೆಯ ಅಂತಾರಾಷ್ಟ್ರೀಯ ರೂಪವನ್ನು ಈ ಶಾಲೆಗಳು ಆರಿಸಿಕೊಂಡಿದ್ದವು. ಸರ್ಕಾರವು ಅದನ್ನು ಗಣನೆಯಿಂದ ಕೈಬಿಟ್ಟಿತ್ತು, ಅಷ್ಟೆ.

ಎಣಿಕೆ ಸರಿಯಾಗಿದ್ದಾಗಲಾದರೂ ಕ್ರಮಾಂಕವನ್ನು ನಂಬಬಹುದೆ ಎಂದರೆ, ಅಲ್ಲಿಯೂ ತೊಡಕುಂಟು. ಈಟನ್ನಿಗೆ ಹುಡುಗರು ಸೇರುವುದು ಹದಿಮೂರನೆಯ ವಯಸ್ಸಿನಲ್ಲಿ. ಅವರ ಬುದ್ಧಿಪರೀಕ್ಷೆ, ಸಂದರ್ಶನಗಳು ಅದಕ್ಕೆ ಬಹು ಮುಂಚಿತವಾಗಿಯೇ ಮುಗಿದಿರುತ್ತವೆ. ಊರೂರಿನ ಕಟ್ಟುಮಸ್ತಾದ ಹುಡುಗರನ್ನೇ ಆರಿಸಿ ಸೇರಿಸಿಕೊಂಡ ಗರಡಿಯ ಉಸ್ತಾದನು, ಅವರ ತೋಳ್ಬಲವೆಲ್ಲವೂ ತನ್ನ ಮಣ್ಣಿನ ಮಹಿಮೆಯೆಂದು ಹೇಳಿಕೊಂಡರೆ ನಾವು ನಗುವುದಿಲ್ಲವೆ? ಶಾಲೆಯು ತಾನಾಗಿ ಕೂಡಿಸಿದ್ದೆಷ್ಟು, ಮಗುವು ಮನೆಯಿಂದಲೇ ತಂದದ್ದೆಷ್ಟು ಎಂಬುದನ್ನು ಬೇರ್ಪಡಿಸುವ ಗಣಿತವನ್ನು ಸಂಖ್ಯಾಶಾಸ್ತ್ರಜ್ಞರು ರಚಿಸಿದ್ದಾರೆ. ಆದರೆ ಅದಕ್ಕೂ ಮಿತಿಯುಂಟೆಂಬುದನ್ನು ಹಾರ್ವೆ ಗೋಲ್ಡ್‌ಸ್ಟೈನ್ ಮತ್ತು ಜಾರ್ಜ್ ಲೆಕಿ ಎಂಬ ವಿದ್ವಾಂಸರಿಬ್ಬರು 2009ರಲ್ಲಿ ತೋರಿಸಿಕೊಟ್ಟರು. ಇಂದು ಪಟ್ಟಿಯನ್ನು ನೋಡಿ ಮಗುವನ್ನು ಸೇರಿಸುವ ತಂದೆತಾಯಿಗಳಿಗೆ ಬೇಕಾದುದು ಹಲವು ವರ್ಷಗಳಾಚೆ ಆ ಮಗುವು ಪರೀಕ್ಷೆಗೆ ಕೂರುವ ಕಾಲದ ಶಾಲೆಯ ಸ್ಥಿತಿ. ಪಟ್ಟಿಯು ಹೇಳುವುದೋ, ಹಲವು ವರ್ಷಗಳ ಹಿಂದೆ ಸೇರಿದವರ ಕಥೆಯನ್ನು.

ಪರೀಕ್ಷಾಫಲವೇ ವಿದ್ಯೆಯ ಅಳತೆಗೋಲಾಗಿದ್ದರೆ, ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿ ಈಟನ್ನಿನ ವಿದ್ಯಾರ್ಥಿವೇತನವನ್ನು ಗಳಿಸಿ, ಅನಂತರ ಅಲ್ಲಿಯ ತರಗತಿಯಲ್ಲಿ ಕೆಳಗಿನ ಸಾಲಿಗೆ ಜಾರಿದ ಜಾರ್ಜ್ ಆರ್ವೆಲ್ಲನೂ, ಹ್ಯಾರೋ ಶಾಲೆಯ ಅತ್ಯಂತ ಕೆಳವರ್ಗದಲ್ಲಿ ಕುಳಿತ ಚರ್ಚಿಲ್ಲನೂ ಆಯಾ ಶಾಲೆಗಳಿಗೆ ಕಳಂಕಪ್ರಾಯರೆನಿಸಬೇಕಾಗಿತ್ತು.

ಇದೆಲ್ಲಕ್ಕಿಂತಲೂ ನನಗೆ ಗಹನವೆಂದು ತೋರುವ ವಿಷಯ ಬೇರೊಂದಿದೆ. ವಸತಿಶಾಲೆಯಲ್ಲಿ ಮಗುವು ಬರಿಯ ಪಾಠ ಕೇಳುವುದಿಲ್ಲ. ಉಣ್ಣುತ್ತದೆ, ಮಲಗುತ್ತದೆ, ಜ್ವರ ಬಂದು ನರಳುತ್ತದೆ, ಮನೆಯನ್ನು ನೆನೆದು ಅಳುತ್ತದೆ. ಈಟನ್ನಿನ ಸುಮಾರು 1,300 ಬಾಲಕರು 25 ನಿಲಯಗಳಲ್ಲಿ ಹಂಚಿಹೋಗಿ, ಒಂದೊಂದರಲ್ಲಿ ಐವತ್ತರಷ್ಟು ಮಂದಿ ಒಬ್ಬೊಬ್ಬ ನಿಲಯಪಾಲಕನ ಕಣ್ಣಿನಡಿಯಲ್ಲಿ ಬೆಳೆಯುತ್ತಾರೆ. ಆ ನಿಲಯಪಾಲಕನು ಸಹೃದಯನೋ ಸಿಡುಕನೋ, ಹಿರಿಯ ಹುಡುಗರು ಕಿರಿಯರನ್ನು ಪೀಡಿಸಿದಾಗ ಅವನಿಗೆ ಅದು ತಿಳಿಯುತ್ತದೆಯೋ ಇಲ್ಲವೋ ಎಂಬುದರ ಮೇಲೆಯೇ ಬಾಲಕನ ಐದು ವರ್ಷಗಳ ಸುಖದುಃಖಗಳು ನಿಂತಿರುವಾಗ, ಕ್ರಮಾಂಕವು ಇಪ್ಪತ್ತೈದು ನಿಲಯಗಳನ್ನೂ ಕಲಸಿ ಒಂದೇ ಸಂಖ್ಯೆಯನ್ನಾಗಿ ಮಾಡಿಬಿಡುತ್ತದೆ.

ನಮ್ಮ ದೇಶದ ಪಟ್ಟಿಗಳ ರೀತಿಯೇ ಬೇರೆ. 1875ರ ಮೇಯೋ ಕಾಲೇಜು, 1935ರ ಡೂನ್ ಶಾಲೆ ಮೊದಲಾದುವನ್ನು ತೂಗುವ ನಿಯತಕಾಲಿಕೆಗಳು ಬಹುಮಟ್ಟಿಗೆ ಪೋಷಕರ ಮತ್ತು ಉಪಾಧ್ಯಾಯರ ಅಭಿಪ್ರಾಯವನ್ನು ಕೇಳಿ ಅಂಕ ಹಾಕುತ್ತವೆ. ಅಂದರೆ ಅಳೆಯುವುದು ಹೆಸರನ್ನು. ಬಾಲಕರದು, ಬಾಲಕಿಯರದು, ಸಹಶಿಕ್ಷಣದ್ದು ಎಂದು ವರ್ಗಗಳೂ ಬೇರೆಬೇರೆ. ವರ್ಗಗಳು ಹೆಚ್ಚಿದಷ್ಟೂ ಪ್ರಥಮಸ್ಥಾನಗಳಿಗೆ ಬರಗಾಲವಿಲ್ಲ.

ಇಂಗ್ಲೆಂಡಿನ ಖಾಸಗಿ ಶಾಲೆಗಳ ತನಿಖಾಮಂಡಲಿಯು ವಿದ್ಯಾರ್ಥಿನಿಲಯಗಳ ವ್ಯವಸ್ಥೆಯನ್ನೂ ಮಕ್ಕಳ ಕ್ಷೇಮವನ್ನೂ ಪರಿಶೀಲಿಸಿ ಬರೆದ ವರದಿಗಳು ಯಾರು ಬೇಕಾದರೂ ಓದಬಹುದಾದಂತೆ ಪ್ರಕಟವಾಗುತ್ತವೆ. ಮಗುವನ್ನು ದೂರದ ಶಾಲೆಗೆ ಕಳುಹಿಸಬೇಕೆಂದಿರುವ ತಂದೆತಾಯಿಗಳು ಪಟ್ಟಿಯನ್ನು ಬದಿಗಿಟ್ಟು, ಅಂಥ ವರದಿಯಿದ್ದರೆ ಅದನ್ನೋದಿ, ಇಲ್ಲದಿದ್ದರೆ ನಿಲಯದ ಊಟದ ವೇಳೆಗೆ ತಾವೇ ಹೋಗಿ, ಅಲ್ಲಿಯ ಕಿರಿಯ ತರಗತಿಯ ಹುಡುಗರೊಡನೆ ಸ್ವಲ್ಪ ಹೊತ್ತು ಮಾತನಾಡಿ ಬರಲಿ.