ಮನೆಯಲ್ಲೇ ತಗಡಿನ ಕೆಲಸ: ಗ್ರೈಂಡರ್ ಕೊಳ್ಳುವ ಮೊದಲು ಗೇಜ್ ನೋಡಿ

ಬಾಲ್ಕನಿ ಗಿಡಗಳಿಗೆ ಟ್ರೇ, ತುಕ್ಕು ಹಿಡಿದ ಕೂಲರ್‌ಗೆ ಹೊಸ ತಳ, ಹಳೆ ಟ್ರಂಕ್‌ಗೆ ಪಟ್ಟಿ. ಇಂಥ ಕೆಲಸ ಮನೆಯಲ್ಲೇ ಮಾಡಲು ಹೊರಟವರಲ್ಲಿ ಅನೇಕರು ಮೊದಲು ಕೊಳ್ಳುವುದು ಆಂಗಲ್ ಗ್ರೈಂಡರ್. ತೆಳು ತಗಡಿಗೆ ಅದು ಅಗತ್ಯವೇ ಇಲ್ಲ. ಕಿಡಿ ಹಾರುತ್ತದೆ, ಅಂಚು ಸುಡುತ್ತದೆ, ಫ್ಲ್ಯಾಟ್‌ನಲ್ಲಿದ್ದರೆ ಪಕ್ಕದ ಮನೆಯವರ ಸಿಟ್ಟು ಬೇರೆ.

ಮೊದಲು ತಿಳಿಯಬೇಕಾದದ್ದು ತಗಡಿನ ದಪ್ಪ. ಅಂಗಡಿಯಲ್ಲಿ ಅದನ್ನು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು: 24 ಗೇಜ್ ಎಂದರೆ ಸುಮಾರು 0.56 ಮಿ.ಮೀ., 22 ಗೇಜ್ ಸುಮಾರು 0.7, 18 ಗೇಜ್ ಸುಮಾರು 1.2. ಗೇಜ್ ಪಟ್ಟಿಗಳಲ್ಲೇ ವ್ಯತ್ಯಾಸ ಇರುವುದರಿಂದ ಮಿ.ಮೀ.ನಲ್ಲಿ ಕೇಳುವುದು ಒಳ್ಳೆಯದು.

ಈ ದಪ್ಪಕ್ಕೆ ಏವಿಯೇಷನ್ ಸ್ನಿಪ್ ಎಂಬ ತಗಡು ಕತ್ತರಿ ಸಾಕು. ಹಿಡಿಯ ಬಣ್ಣಕ್ಕೆ ಅರ್ಥವಿದೆ. ಹಳದಿ ನೇರ ಕತ್ತರಿಸಲು, ಕೆಂಪು ಎಡಕ್ಕೆ ತಿರುಗಲು, ಹಸಿರು ಬಲಕ್ಕೆ. ಒಂದೇ ಕೊಳ್ಳುವುದಾದರೆ ಹಳದಿ. ಉದ್ದದ ಕೆಲಸ ಹೆಚ್ಚಿದ್ದರೆ ಹಿಡಿ ಮೇಲಕ್ಕೆ ಬಾಗಿರುವ ಮಾದರಿ ನೋಡಬೇಕು. ಕೈ ತಗಡಿನ ಮೇಲೇ ಇರುತ್ತದೆ, ಅಂಚಿಗೆ ತಾಗುವುದಿಲ್ಲ. ಸಾಮಾನ್ಯವಾಗಿ ಇವು 18 ಗೇಜ್‌ವರೆಗಿನ ಮೈಲ್ಡ್ ಸ್ಟೀಲ್ ಕತ್ತರಿಸುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿ, ಅದರಲ್ಲಿ 22 ಗೇಜ್ ದಾಟಿದರೆ ಬಾಯಿ ಮೊಂಡಾಗುತ್ತದೆ. ಕತ್ತರಿಸುವಾಗ ಬಾಯಿಯನ್ನು ಪೂರ್ತಿ ಮುಚ್ಚಬಾರದು. ಮುಚ್ಚಿದ ಕಡೆಯೆಲ್ಲ ಅಂಚಿನಲ್ಲಿ ಚೂಪು ಮುಳ್ಳು ಉಳಿಯುತ್ತದೆ.

ಬಗ್ಗಿಸುವ ಯಂತ್ರಕ್ಕೆ ದುಡ್ಡು ಹಾಕುವುದು ದಂಡ. ಎರಡು ಕಬ್ಬಿಣದ ಆಂಗಲ್ ನಡುವೆ ತಗಡನ್ನು ಬಿಗಿಯಾಗಿ ಕ್ಲ್ಯಾಂಪ್ ಮಾಡಿ, ಮರದ ಕೊಡತಿಯಿಂದ ಒಂದು ತುದಿಯಿಂದ ಇನ್ನೊಂದಕ್ಕೆ ಸ್ವಲ್ಪ ಸ್ವಲ್ಪವೇ ಬಗ್ಗಿಸಿದರೆ ಗೆರೆ ನೇರ ಬರುತ್ತದೆ. ಕಬ್ಬಿಣದ ಸುತ್ತಿಗೆ ಬಡಿದರೆ ತಗಡು ಹಿಗ್ಗಿ ಅಲೆ ಅಲೆಯಾಗುತ್ತದೆ. ಒಂದು ಮಿ.ಮೀ.ಗಿಂತ ದಪ್ಪದ ತಗಡಿಗೆ ಉದ್ದನೆಯ ಮಡಿಕೆ ಬೇಕಿದ್ದರೆ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಬಗ್ಗಿಸಿ ತರುವುದೇ ಲೇಸು.

ಅಪಾಯ ಹೆಚ್ಚಿರುವುದು ರಂಧ್ರ ಕೊರೆಯುವಾಗ. ಮಾಮೂಲಿ ಡ್ರಿಲ್ ಬಿಟ್ ತೆಳು ತಗಡನ್ನು ಕಚ್ಚಿಕೊಂಡು ಗಿರ್ರನೆ ತಿರುಗಿಸಿಬಿಡುತ್ತದೆ, ಬ್ಲೇಡಿನಂತೆ ಕೈ ಸೀಳುತ್ತದೆ. ತಗಡನ್ನು ಮರದ ತುಂಡಿಗೆ ಬಿಗಿಯಬೇಕು. ದೊಡ್ಡ ರಂಧ್ರಕ್ಕೆ ಮೆಟ್ಟಿಲಿನಾಕಾರದ ಸ್ಟೆಪ್ ಬಿಟ್ ಬಳಸಬೇಕು. ತಗಡು ಎತ್ತುವಾಗ, ಕತ್ತರಿಸುವಾಗ ಕೈಗವಸು ಬೇಕೇ ಬೇಕು. ಆದರೆ ಡ್ರಿಲ್ ಮಾಡುವಾಗ ಬೇಡ, ತಿರುಗುವ ಬಿಟ್‌ಗೆ ಸಿಕ್ಕಿ ಬೆರಳನ್ನೂ ಎಳೆಯಬಹುದು. ಕಣ್ಣಿಗೆ ಕನ್ನಡಕ ಎರಡೂ ಕಡೆ ಬೇಕು.

ಜೋಡಣೆಗೆ ಕೈ ರಿವೆಟ್ ಗನ್. 3.2 ಮಿ.ಮೀ. ರಿವೆಟ್‌ಗೆ 3.3 ಮಿ.ಮೀ. ರಂಧ್ರ. ಜಿಐ ತಗಡನ್ನು ವೆಲ್ಡ್ ಮಾಡಿದರೆ ಸತುವಿನ ಹೊಗೆ ಏಳುತ್ತದೆ, ಅದನ್ನು ಕುಡಿದರೆ ಜ್ವರ ಬರಬಹುದು. ರಿವೆಟ್‌ಗೆ ಆ ತೊಂದರೆ ಇಲ್ಲ.

ಮುಂಬೈನ ನಾಗದೇವಿ ಸ್ಟ್ರೀಟ್, ಸಿಕಂದರಾಬಾದ್‌ನ ರಾಣಿಗಂಜ್, ದೆಹಲಿಯ ಚಾವಡಿ ಬಜಾರ್‌ನಂಥ ಕಡೆ ಕೊಳ್ಳುವವರು ತಾವು ಬಳಸುವ ತಗಡಿನದೇ ಒಂದು ಪಟ್ಟಿ ಒಯ್ದು, ಕತ್ತರಿಯನ್ನು ಅಲ್ಲೇ ಆಡಿಸಿ ನೋಡಬಹುದು. ಜೊತೆಗೆ ಒಂದು ಚಪ್ಪಟೆ ಅರವನ್ನೂ ತರಬೇಕು. ಕತ್ತರಿಸಿದ ಪ್ರತಿ ಅಂಚನ್ನೂ ಅದರಿಂದ ಉಜ್ಜಿದ ಮೇಲೆಯೇ ಟ್ರೇ ಮಕ್ಕಳಿರುವ ಬಾಲ್ಕನಿಗೆ ಹೋಗಬೇಕು.