ಆರಿದ್ರಾ ನಕ್ಷತ್ರ ಸಿಡಿದರೆ ಆರಿದ್ರಾ ಮಳೆ ಏನಾಗುತ್ತೆ?

ಈ ವಾರದ ಸಂಚಿಕೆ ಹುಟ್ಟಿದ್ದು ಒಂದು ವಾಯ್ಸ್ ಮೆಸೇಜ್‌ನಿಂದ. ಹಾವೇರಿ ಕಡೆಯ ಕೇಳುಗರೊಬ್ಬರು, ದನಿ ಕೇಳಿದರೆ ಕಾಲೇಜು ಹುಡುಗ ಅನಿಸುತ್ತೆ, ಹೀಗೆ ಕೇಳಿದ್ದಾರೆ: ‘ಸರ್, ಆರಿದ್ರಾ ನಕ್ಷತ್ರ ಇನ್ನೇನ್ ಸಿಡೀತೈತಿ ಅಂತ ರೀಲ್ಸ್‌ನ್ಯಾಗ ನೋಡಿದೆ. ನಮ್ಮಪ್ಪಗ ಹೇಳಿದೆ. ಹಂಗಾದ್ರ ಆರಿದ್ರಾ ಮಳಿ ಏನಾಗ್ತೈತಿ ಅಂದ್ರು. ನನಗ ಏನ್ ಹೇಳಬೇಕೋ ತಿಳೀಲಿಲ್ಲ.’

ನಗಬೇಡಿ. ಇದರಲ್ಲಿ ಎರಡು ಒಳ್ಳೇ ಪ್ರಶ್ನೆಗಳಿವೆ. ಮಳೆಗೂ ನಕ್ಷತ್ರಕ್ಕೂ ಏನು ಸಂಬಂಧ ಅನ್ನೋದು ಒಂದು. ನಕ್ಷತ್ರ ಯಾಕೆ ಸಿಡಿಯುತ್ತೆ, ಯಾವಾಗ ಸಿಡಿಯುತ್ತೆ ಅನ್ನೋದು ಇನ್ನೊಂದು. ಮೊದಲನೆಯದು ಬೇಗ ಮುಗಿಯುತ್ತೆ, ಅದನ್ನೇ ಮೊದಲು ನೋಡೋಣ.

ಭೂಮಿ ಸೂರ್ಯನ ಸುತ್ತ ತಿರುಗುತ್ತಾ ಇರೋದರಿಂದ, ನಮ್ಮ ಕಣ್ಣಿಗೆ ಸೂರ್ಯ ವರ್ಷವಿಡೀ ಒಂದೊಂದೇ ನಕ್ಷತ್ರಗಳ ಪಕ್ಕದಿಂದ ಹಾದುಹೋದ ಹಾಗೆ ಕಾಣುತ್ತೆ. ಆ ದಾರಿಯನ್ನು ನಮ್ಮ ಹಿರಿಯರು 27 ಭಾಗ ಮಾಡಿದ್ದರು. ಒಂದು ಭಾಗಕ್ಕೆ 13–14 ದಿನ. ಸೂರ್ಯ ಆರಿದ್ರೆಯ ಭಾಗದಲ್ಲಿರುವ ದಿನಗಳಲ್ಲಿ, ಅಂದರೆ ಹೆಚ್ಚುಕಡಿಮೆ ಜೂನ್ 22ರಿಂದ ಜುಲೈ 5ರವರೆಗೆ, ಬರೋ ಮಳೆ ಆರಿದ್ರಾ ಮಳೆ. ಅಂದರೆ ಇದೊಂದು ಕ್ಯಾಲೆಂಡರ್ ಅಷ್ಟೇ. ನಕ್ಷತ್ರ ಮಳೆ ಸುರಿಸೋದಿಲ್ಲ. ಸುರಿಸೋದು ಮುಂಗಾರು ಗಾಳಿ.

ಇನ್ನೊಂದು ತಮಾಷೆ ಇದೆ. ಆರಿದ್ರಾ ಮಳೆ ಬರುವಾಗ ಆರಿದ್ರಾ ನಕ್ಷತ್ರ ಕಾಣೋದೇ ಇಲ್ಲ. ಮೋಡದ ಮಾತು ಬಿಡಿ, ಮೋಡ ಇಲ್ಲದಿದ್ದರೂ ಕಾಣಲ್ಲ. ಯಾಕಂದ್ರೆ ಅದು ಸೂರ್ಯ ಇರೋ ದಿಕ್ಕಿನಲ್ಲೇ ಇರುತ್ತೆ, ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗುತ್ತೆ. ಮಳೆಗಾಲಕ್ಕೆ ಹೆಸರು ಕೊಟ್ಟ ನಕ್ಷತ್ರಗಳನ್ನು ನೋಡಬೇಕಂದ್ರೆ ಚಳಿಗಾಲ ಬರಬೇಕು. ಮತ್ತೆ, ಈ ಕ್ಯಾಲೆಂಡರ್ ಋತುಗಳಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೊಂದು ದಿನದ ಲೆಕ್ಕದಲ್ಲಿ ಜಾರುತ್ತಾ ಹೋಗುತ್ತೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನಕ್ಕೆ ತೂಗಾಡೋದೇ ಇದಕ್ಕೆ ಕಾರಣ. ಸಾವಿರ ವರ್ಷದ ಹಿಂದೆ ಆರಿದ್ರಾ ಮಳೆ ಅಂದಾಗ ಜನ ನೋಡ್ತಿದ್ದದ್ದು ಇವತ್ತಿಗಿಂತ ಎರಡು ವಾರ ಮುಂಚಿನ ಮಳೆಯನ್ನು.

ಹಾಗಾಗಿ ನಕ್ಷತ್ರ ಸಿಡಿದರೂ ಮಳೆಗೆ ಏನೂ ಆಗಲ್ಲ. ಹೆಸರು ಮಾತ್ರ ಉಳಿಯುತ್ತೆ.

ಈಗ ಎರಡನೇ ಪ್ರಶ್ನೆ. ಇದಕ್ಕೆ ನಕ್ಷತ್ರದ ಬದುಕನ್ನೇ ಹೇಳಬೇಕು. ಅದೃಷ್ಟಕ್ಕೆ ಆ ಕಥೆಗೆ ಬೇಕಾದ ಪಾತ್ರಗಳೆಲ್ಲ ಮುಂಗಾರಿನ ನಾಲ್ಕು ಮಳೆಗಳಲ್ಲೇ ಇವೆ. ಕೃತ್ತಿಕಾ, ರೋಹಿಣಿ, ಮೃಗಶಿರಾ, ಆರಿದ್ರಾ. ಹತ್ತಿರ ಹತ್ತಿರ ಎರಡು ತಿಂಗಳ ಮಳೆ, ಆಕಾಶದಲ್ಲಿ ಒಂದೇ ಓಣಿ. ಆ ಓಣಿಯಲ್ಲಿ ಬಾಣಂತಿ ಮನೆಯೂ ಇದೆ, ಮುದುಕರ ಮನೆಯೂ ಇದೆ, ಸ್ಮಶಾನವೂ ಇದೆ.

ಹುಟ್ಟಿನಿಂದ ಶುರು ಮಾಡೋಣ. ಮಹಾವ್ಯಾಧ ಅನ್ನೋ ನಕ್ಷತ್ರಪುಂಜ ಗೊತ್ತಲ್ವಾ, ಇಂಗ್ಲಿಷಿನಲ್ಲಿ ಒರಾಯನ್. ಸಾಲಾಗಿ ಮೂರು ನಕ್ಷತ್ರ ಇರುತ್ತೆ ನೋಡಿ, ಅದೇ. ಆ ಮೂರರ ಕೆಳಗೆ ಮಸುಕಾದ ಒಂದು ಚುಕ್ಕೆ ಇದೆ. ಅದು ನಕ್ಷತ್ರ ಅಲ್ಲ, ಅನಿಲ ಮತ್ತು ಧೂಳಿನ ದೊಡ್ಡ ಮೋಡ. ಒರಾಯನ್ ನೀಹಾರಿಕೆ ಅಂತಾರೆ, ದೂರ ಸುಮಾರು 1,350 ಜ್ಯೋತಿರ್ವರ್ಷ. ಈ ಮೋಡದ ಒಳಗೆ ಅಲ್ಲಲ್ಲಿ ಅನಿಲ ತನ್ನ ತೂಕಕ್ಕೆ ತಾನೇ ಕುಸಿಯುತ್ತೆ. ಕುಸಿದಷ್ಟೂ ನಡುಭಾಗ ಕಾಯುತ್ತೆ. ಸೈಕಲ್ ಪಂಪಿನಲ್ಲಿ ಗಾಳಿ ಒತ್ತಿದರೆ ಪಂಪ್ ಬಿಸಿಯಾಗುತ್ತಲ್ಲ, ಹಾಗೆ. ನಡುವಿನ ಶಾಖ ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ ಪರಮಾಣುಗಳ ಬೀಜಗಳು ಒಂದಕ್ಕೊಂದು ಬೆಸೆದುಕೊಂಡು ಹೀಲಿಯಂ ಆಗೋಕೆ ಶುರುವಾಗುತ್ತೆ. ಆ ಬೆಸುಗೆಯಲ್ಲಿ ಶಕ್ತಿ ಹೊರಬರುತ್ತೆ. ಅಲ್ಲಿಗೆ ನಕ್ಷತ್ರ ಹುಟ್ಟಿತು ಅಂತ ಲೆಕ್ಕ.

ನಮ್ಮ ಸೂರ್ಯನ ಒಳಗೆ ಈಗ ನಡೀತಿರೋದೂ ಇದೇ. ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗುತ್ತೆ, ಅದರಲ್ಲಿ 40 ಲಕ್ಷ ಟನ್ ದ್ರವ್ಯ ಶಕ್ತಿಯಾಗಿ ಹೊರಟುಹೋಗುತ್ತೆ. ನಾನು ಈ ವಾಕ್ಯ ಹೇಳಿ ಮುಗಿಸೋಷ್ಟರಲ್ಲಿ ಸೂರ್ಯ ಒಂದೆರಡು ಕೋಟಿ ಟನ್ ಹಗುರ ಆಗಿರುತ್ತಾನೆ. ಆದರೂ 460 ಕೋಟಿ ವರ್ಷದಿಂದ ಉರಿಯುತ್ತಿದ್ದಾನೆ, ಇನ್ನೂ ಸುಮಾರು 500 ಕೋಟಿ ವರ್ಷಕ್ಕೆ ಸಾಕಾಗುವಷ್ಟು ಇಂಧನ ಇದೆ.

ಇಲ್ಲೊಂದು ಹಗ್ಗಜಗ್ಗಾಟ ಇದೆ, ಇದನ್ನು ನೆನಪಿಟ್ಟುಕೊಳ್ಳಿ. ಗುರುತ್ವ ನಕ್ಷತ್ರವನ್ನು ಒಳಗೆ ಎಳೆಯುತ್ತೆ. ಒಳಗಿನ ಶಾಖದ ಒತ್ತಡ ಹೊರಗೆ ತಳ್ಳುತ್ತೆ. ಎರಡೂ ಸಮ ಇರೋವರೆಗೆ ನಕ್ಷತ್ರ ಆರಾಮಾಗಿರುತ್ತೆ. ಇಂಧನ ಮುಗಿದ ದಿನ ಗುರುತ್ವ ಗೆಲ್ಲೋಕೆ ಶುರು ಮಾಡುತ್ತೆ. ನಕ್ಷತ್ರದ ಮುಪ್ಪು, ಸಾವು ಎಲ್ಲ ಈ ಜಗಳದ ಕಥೆಯೇ.

ಈಗ ಮೂರು ಮಳೆ ನಕ್ಷತ್ರಗಳನ್ನು ಪಕ್ಕಪಕ್ಕ ನಿಲ್ಲಿಸೋಣ. ಕೃತ್ತಿಕೆ ಒಂದು ಗುಂಪು, ಬರಿಗಣ್ಣಿಗೆ ಆರು ಕಾಣುತ್ತೆ, ನಿಜಕ್ಕೂ ಸಾವಿರಕ್ಕಿಂತ ಹೆಚ್ಚಿವೆ. ವಯಸ್ಸು ಸುಮಾರು 10 ಕೋಟಿ ವರ್ಷ. ಇವು ಹುಟ್ಟಿದಾಗ ಭೂಮಿ ಮೇಲೆ ಡೈನೊಸಾರ್‌ಗಳು ಓಡಾಡ್ತಿದ್ದವು. ರೋಹಿಣಿಯ ವಯಸ್ಸು ನೂರಾರು ಕೋಟಿ ವರ್ಷ. ಆರಿದ್ರೆಗೆ ಸುಮಾರು ಒಂದು ಕೋಟಿ ವರ್ಷ ಅಷ್ಟೇ. ಡೈನೊಸಾರ್‌ಗಳು ಅಳಿದುಹೋದದ್ದು 6.6 ಕೋಟಿ ವರ್ಷದ ಹಿಂದೆ, ಆಗ ಆರಿದ್ರೆ ಹುಟ್ಟೇ ಇರಲಿಲ್ಲ.

ಮೂವರಲ್ಲಿ ಕಿರಿಯಳು ಆರಿದ್ರೆ. ಸಾಯೋಕೆ ಮೊದಲು ಹೊರಟಿರೋಳೂ ಅವಳೇ. ಯಾಕೆ?

ಮೈಲೇಜ್. ಆರಿದ್ರೆಯ ತೂಕ ಸೂರ್ಯನ 15–20 ಪಟ್ಟು. ಅಂದರೆ ಟ್ಯಾಂಕ್ ಅಷ್ಟು ದೊಡ್ಡದು. ಆದರೆ ಅಷ್ಟು ತೂಕವನ್ನು ಹೊತ್ತು ನಿಲ್ಲಬೇಕಂದ್ರೆ ಒಳಗೆ ಭಯಂಕರ ಶಾಖ ಬೇಕು. ಶಾಖ ಹೆಚ್ಚಾದಂತೆ ಇಂಧನ ಉರಿಯೋ ವೇಗ ವಿಪರೀತ ಏರುತ್ತೆ. ಆರಿದ್ರೆ ಈಗ ಸೂರ್ಯನಿಗಿಂತ ಸುಮಾರು ಲಕ್ಷ ಪಟ್ಟು ಶಕ್ತಿ ಚೆಲ್ಲುತ್ತಿದೆ. ಟ್ಯಾಂಕ್ 20 ಪಟ್ಟು, ಖರ್ಚು ಲಕ್ಷ ಪಟ್ಟು. ಎಷ್ಟು ದಿನ ಬಂದೀತು ನೀವೇ ಲೆಕ್ಕ ಹಾಕಿ. ನಾವು ನಮ್ಮ ಜಾತಕವನ್ನು ನಕ್ಷತ್ರದಲ್ಲಿ ಹುಡುಕ್ತೀವಿ, ನಕ್ಷತ್ರದ ಜಾತಕ ಇರೋದು ಅದು ಹುಟ್ಟಿದಾಗಿನ ತೂಕದಲ್ಲಿ.

ರೋಹಿಣಿ ನಮ್ಮ ಮಟ್ಟಿಗೆ ಬಹಳ ಮುಖ್ಯ, ಯಾಕಂದ್ರೆ ಅವಳ ತೂಕ ಸೂರ್ಯನಿಗಿಂತ ಸ್ವಲ್ಪವೇ ಹೆಚ್ಚು. ಅವಳನ್ನು ನೋಡಿದರೆ ಸೂರ್ಯನ ಮುದಿತನ ನೋಡಿದ ಹಾಗೆ. ನಡುವಿನ ಹೈಡ್ರೋಜನ್ ಮುಗಿದಿದೆ. ನಡುಭಾಗ ಕುಗ್ಗಿ ಇನ್ನೂ ಬಿಸಿಯಾಗಿದೆ, ಅದರ ಸುತ್ತಲಿನ ಪದರದಲ್ಲಿ ಹೈಡ್ರೋಜನ್ ಜೋರಾಗಿ ಉರಿದು ಹೊರಮೈಯನ್ನು ಉಬ್ಬಿಸಿದೆ. ಅಡ್ಡಳತೆ ಸೂರ್ಯನ ಸುಮಾರು 44 ಪಟ್ಟು. ಉಬ್ಬಿದ ಮೈ ತಣ್ಣಗಾಗುತ್ತೆ, ತಣ್ಣಗಾದರೆ ಬಣ್ಣ ಕೆಂಪಿನ ಕಡೆ ಹೋಗುತ್ತೆ. ಕುಲುಮೆಯಲ್ಲಿ ಕಾಯಿಸಿದ ಕಬ್ಬಿಣ ನೋಡಿದ್ದೀರಾ? ಚೆನ್ನಾಗಿ ಕಾದಾಗ ಬೆಳ್ಳಗೆ, ಆರುತ್ತಾ ಬಂದ ಹಾಗೆ ಕೆಂಪಗೆ. ಅದಕ್ಕೇ ಎಳೆಯ ಕೃತ್ತಿಕೆ ನೀಲಿ ಛಾಯೆಯ ಬಿಳಿ, ರೋಹಿಣಿ ಕಿತ್ತಳೆ. ರೋಹಿಣಿ ಇರೋದು 65 ಜ್ಯೋತಿರ್ವರ್ಷ ದೂರದಲ್ಲಿ. ಈ ಚಳಿಗಾಲ ನಿಮ್ಮ ಕಣ್ಣಿಗೆ ಬೀಳೋ ಅವಳ ಬೆಳಕು ಹೊರಟಾಗ ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಅಂತ ಹೆಸರು.

ಸೂರ್ಯನಂಥ ನಕ್ಷತ್ರ ಸಿಡಿಯೋದಿಲ್ಲ. ಹೊರಗಿನ ಪದರಗಳನ್ನು ನಿಧಾನಕ್ಕೆ ಕಳಚಿ ಬಿಸಾಕುತ್ತೆ, ಒಳಗಿನ ಕೆಂಡ ಉಳಿಯುತ್ತೆ. ಅದಕ್ಕೆ ಶ್ವೇತಕುಬ್ಜ ಅಂತ ಹೆಸರು. ಇದೇ ಓಣಿಯ ತುದಿಯಲ್ಲಿ, ರಾತ್ರಿ ಆಕಾಶದ ಅತಿ ಹೊಳೆಯುವ ನಕ್ಷತ್ರ ಲುಬ್ಧಕನ ಪಕ್ಕದಲ್ಲೇ ಅಂಥದ್ದೊಂದಿದೆ, 1862ರಲ್ಲಿ ದೂರದರ್ಶಕದಲ್ಲಿ ಮೊದಲ ಸಲ ಕಂಡದ್ದು. ತೂಕ ಸೂರ್ಯನಷ್ಟು, ಗಾತ್ರ ಭೂಮಿಯಷ್ಟು.

ಇಂಥ ಕೆಂಡ ಎಷ್ಟು ತೂಕ ತಡೆದೀತು? ಇದನ್ನು ಲೆಕ್ಕ ಹಾಕಿದ್ದು ಸುಬ್ರಹ್ಮಣ್ಯನ್ ಚಂದ್ರಶೇಖರ್. 1930ರಲ್ಲಿ, ಇಂಗ್ಲೆಂಡಿಗೆ ಹೋಗೋ ಹಡಗಿನಲ್ಲಿ, 19ನೇ ವಯಸ್ಸಿನಲ್ಲಿ. ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚಾದರೆ ಶ್ವೇತಕುಬ್ಜ ನಿಲ್ಲೋದಿಲ್ಲ, ಕುಸಿಯುತ್ತೆ. ಆರ್ಥರ್ ಎಡಿಂಗ್ಟನ್‌ರಂಥ ದೊಡ್ಡ ವಿಜ್ಞಾನಿ 1935ರಲ್ಲಿ ತುಂಬಿದ ಸಭೆಯಲ್ಲೇ ಇದನ್ನು ತಳ್ಳಿಹಾಕಿದರು. ನೊಬೆಲ್ ಬಂದದ್ದು 1983ರಲ್ಲಿ. ಹುಡುಗನ ಲೆಕ್ಕವೇ ಸರಿ ಇತ್ತು, ಆದರೆ ಐವತ್ತು ವರ್ಷ ಕಾಯಬೇಕಾಯಿತು.

ಆ 1.4ರ ಗಡಿಯೇ ಆರಿದ್ರೆಯ ಹಣೆಬರಹ ಬರೆಯೋದು. ದೊಡ್ಡ ನಕ್ಷತ್ರದಲ್ಲಿ ಹೀಲಿಯಂ ಬೆಸೆದು ಇಂಗಾಲ, ಆಮೇಲೆ ಆಮ್ಲಜನಕ, ನಿಯಾನ್, ಸಿಲಿಕಾನ್ ಹೀಗೆ ಈರುಳ್ಳಿಯ ಸಿಪ್ಪೆಯಂತೆ ಪದರ ಪದರ ಕಟ್ಟುತ್ತಾ ಹೋಗುತ್ತೆ. ಒಂದೊಂದು ಹಂತವೂ ಹಿಂದಿನದಕ್ಕಿಂತ ಬೇಗ ಮುಗಿಯುತ್ತೆ. ಹೈಡ್ರೋಜನ್ ಲಕ್ಷಾಂತರ ವರ್ಷ ಬಂದರೆ, ಕೊನೆಯ ಸಿಲಿಕಾನ್ ಉರಿದು ಹೋಗೋದು ಕೆಲವೇ ದಿನಗಳಲ್ಲಿ. ಕೊನೆಗೆ ನಡುವಿನಲ್ಲಿ ಉಳಿಯೋದು ಕಬ್ಬಿಣ. ಕಬ್ಬಿಣವನ್ನು ಬೆಸೆದರೆ ಶಕ್ತಿ ಬರೋದಿಲ್ಲ, ಕೈಯಿಂದಲೇ ಹೋಗುತ್ತೆ. ಒಲೆಗೆ ಕಲ್ಲು ಹಾಕಿದ ಹಾಗೆ. ಆ ಕಬ್ಬಿಣದ ಗುಂಡು ಚಂದ್ರಶೇಖರ್ ಹೇಳಿದ ಗಡಿಯ ಹತ್ತಿರ ಬಂದ ಕೂಡಲೇ, ಒಂದು ಸೆಕೆಂಡೂ ಹಿಡಿಯದೆ, ಭೂಮಿಯಷ್ಟು ದೊಡ್ಡದಿದ್ದದ್ದು ಒಂದು ಊರಿನಷ್ಟಕ್ಕೆ ಕುಸಿಯುತ್ತೆ. ಅದರ ಹೊಡೆತಕ್ಕೆ ಮೇಲಿನ ಪದರಗಳೆಲ್ಲ ಸಿಡಿದುಹೋಗುತ್ತವೆ. ಇದೇ ಸೂಪರ್‌ನೋವಾ.

ಸಿಡಿದಾದ ಮೇಲೆ ಏನುಳಿಯುತ್ತೆ ಅಂತ ನೋಡೋಕೂ ದೂರ ಹೋಗಬೇಕಿಲ್ಲ. ಮೃಗಶಿರಾ ಮಳೆಯ ದಿನಗಳಲ್ಲಿ, ಉತ್ತರ ಕರ್ನಾಟಕದವರು ಮಿರಗ ಅಂತಾರಲ್ಲ, ಆಗ ಸೂರ್ಯ ಕ್ರ್ಯಾಬ್ ನೀಹಾರಿಕೆಯ ಪಕ್ಕದಲ್ಲಿ ಹಾದುಹೋಗುತ್ತಾನೆ. 1054ರಲ್ಲಿ, ಇಲ್ಲಿ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದಾಗ, ಅಲ್ಲೊಂದು ನಕ್ಷತ್ರ ಸಿಡಿದದ್ದು ಕಾಣಿಸಿತು. ಚೀನಾದವರು ಬರೆದಿಟ್ಟಿದ್ದಾರೆ: 23 ದಿನ ಹಗಲಲ್ಲೇ ಕಂಡಿತಂತೆ. ಆ ಚಿಂದಿ ಇವತ್ತಿಗೂ ಹರಡುತ್ತಲೇ ಇದೆ. ಅದರ ನಡುವೆ ಸುಮಾರು 20 ಕಿಲೋಮೀಟರ್ ಅಗಲದ, ಬೆಂಗಳೂರಿನೊಳಗೆ ಕೂರುವಷ್ಟು ಪುಟ್ಟ ನ್ಯೂಟ್ರಾನ್ ನಕ್ಷತ್ರ ಸೆಕೆಂಡಿಗೆ 30 ಸುತ್ತು ತಿರುಗುತ್ತಿದೆ. ಅದರ ಒಂದು ಚಮಚದ ತೂಕ ನೂರಾರು ಕೋಟಿ ಟನ್. ಕೆಲವು ನಕ್ಷತ್ರಗಳಲ್ಲಿ ಅದೂ ನಿಲ್ಲದೆ ಕುಸಿದು ಕಪ್ಪುಕುಳಿ ಆಗುತ್ತೆ. ಅದಕ್ಕೆ ಬೇರೆ ಸಂಚಿಕೆಯೇ ಬೇಕು.

ಹಾಗಾದರೆ ಆರಿದ್ರೆ ಈಗ ಎಲ್ಲಿದೆ? ಇಂಗ್ಲಿಷಿನಲ್ಲಿ ಅದರ ಹೆಸರು ಬೀಟಲ್‌ಜ್ಯೂಸ್. ಉಬ್ಬಿ ಉಬ್ಬಿ, ಸೂರ್ಯನ ಜಾಗದಲ್ಲಿಟ್ಟರೆ ಮಂಗಳನ ಕಕ್ಷೆಯನ್ನೂ ನುಂಗಿ ಆಚೆ ಹೋಗುವಷ್ಟಾಗಿದೆ. 2019ರ ಅಕ್ಟೋಬರ್‌ನಿಂದ ಅದು ಮಂಕಾಗುತ್ತಾ ಹೋಯಿತು, 2020ರ ಫೆಬ್ರುವರಿಗೆ ಮಾಮೂಲಿ ಹೊಳಪಿನ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಿತು. ಬರಿಗಣ್ಣಿಗೇ ಗೊತ್ತಾಗ್ತಿತ್ತು. ಇನ್ನೇನು ಸಿಡಿಯುತ್ತೆ ಅನ್ನೋ ಸುದ್ದಿ ಹಬ್ಬಿದ್ದು ಆಗ, ಈಗಲೂ ರೀಲ್ಸ್‌ನಲ್ಲಿ ಸುತ್ತುತ್ತಿರೋದು ಅದರ ಬಾಲವೇ. ಏಪ್ರಿಲ್‌ನಲ್ಲಿ ನಾವೆಲ್ಲ ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕೂತಿದ್ದಾಗ ಅದು ಮತ್ತೆ ಮೊದಲಿನಂತೆ ಹೊಳೆಯೋಕೆ ಶುರು ಮಾಡಿತು. ಚಿಲಿಯ ದೊಡ್ಡ ದೂರದರ್ಶಕದ ಚಿತ್ರಗಳು, ಹಬಲ್‌ನ ಮಾಹಿತಿ ನೋಡಿದ ಮೇಲೆ ವಿಷಯ ಬಿಡಿಸಿತು. ನಕ್ಷತ್ರ ಒಂದಷ್ಟು ಅನಿಲವನ್ನು ಹೊರಗೆ ಉಗುಳಿತ್ತು, ಅದು ತಣ್ಣಗಾಗಿ ಧೂಳಾಗಿ ನಮಗೂ ಅದಕ್ಕೂ ನಡುವೆ ಪರದೆ ಹಿಡಿದಿತ್ತು.

ಖಗೋಳದ ಲೆಕ್ಕದಲ್ಲಿ ‘ಇನ್ನೇನು’ ಅಂದರೆ ಮುಂದಿನ ಒಂದು ಲಕ್ಷ ವರ್ಷದೊಳಗೆ ಅಂತ ಇಟ್ಟುಕೊಳ್ಳಿ. ಅದರ ದೂರ 500ರಿಂದ 700 ಜ್ಯೋತಿರ್ವರ್ಷ, ಈಗ ಕಾಣೋ ಬೆಳಕು ಹೆಚ್ಚುಕಡಿಮೆ ವಿಜಯನಗರದ ಕಾಲದಲ್ಲಿ ಹೊರಟದ್ದು. ಈಗಾಗಲೇ ಸಿಡಿದಿರಬಹುದಾ? ಸಾಧ್ಯ ಇದೆ, ಆದರೆ ಲಕ್ಷ ವರ್ಷದ ಲೆಕ್ಕದಲ್ಲಿ ಈ ಆರುನೂರು ವರ್ಷದೊಳಗೇ ಸಿಡಿದಿರೋ ಸಂಭವ ತೀರಾ ಕಡಿಮೆ. ಸಿಡಿದರೆ ಅರ್ಧ ಚಂದ್ರನಷ್ಟು ಬೆಳಕು, ಹಗಲಲ್ಲೂ ವಾರಗಟ್ಟಲೆ ಕಾಣುತ್ತೆ. ನಮಗೆ ಅಪಾಯ ಇಲ್ಲ, ಅಷ್ಟು ದೂರ ಇದೆ. ಬೆಳಕಿಗಿಂತ ಮುಂಚೆ ಸುದ್ದಿ ತರೋದು ನ್ಯೂಟ್ರಿನೋ ಅನ್ನೋ ಕಣಗಳು. 1987ರಲ್ಲಿ ಪಕ್ಕದ ಪುಟ್ಟ ಗ್ಯಾಲಕ್ಸಿಯಲ್ಲಿ ನಕ್ಷತ್ರ ಸಿಡಿದಾಗ, ಜಪಾನ್, ಅಮೆರಿಕ, ರಷ್ಯಾದ ನೆಲದಡಿಯ ಉಪಕರಣಗಳಲ್ಲಿ ಎರಡು ಡಜನ್‌ನಷ್ಟು ನ್ಯೂಟ್ರಿನೋಗಳು ಸಿಕ್ಕಿದ್ದವು, ಬೆಳಕು ಕಾಣೋಕೆ ಕೆಲವು ಗಂಟೆ ಮೊದಲೇ.

ಹೆಸರಿನ ವಿಷಯ ಒಂದು ಹೇಳಲೇಬೇಕು. ಆರ್ದ್ರ ಅಂದರೆ ಒದ್ದೆ. ನೀರಿನಲ್ಲಿರೋ ಹೈಡ್ರೋಜನ್ ವಿಶ್ವದ ಆರಂಭದ್ದು. ಆಮ್ಲಜನಕ ಮಾತ್ರ ಆಗ ಇರಲಿಲ್ಲ, ಅದರ ಬಹುಪಾಲು ತಯಾರಾದದ್ದು ಆರಿದ್ರೆಯಂಥ ದೊಡ್ಡ ನಕ್ಷತ್ರಗಳ ಹೊಟ್ಟೆಯಲ್ಲಿ, ಅವು ಸಿಡಿದ ಮೇಲೇ ಹೊರಗೆ ಚೆಲ್ಲಿದ್ದು. ರಾಗಿಯ ಕ್ಯಾಲ್ಸಿಯಂ, ರಕ್ತದ ಕಬ್ಬಿಣ ಕೂಡ ಸಿಡಿದ ನಕ್ಷತ್ರಗಳಿಂದಲೇ ಬಂದವು. ಮಳೆ ಸುರಿಸೋದು ನಕ್ಷತ್ರ ಅಲ್ಲ ಅಂತ ಆಗಲೇ ಹೇಳಿದೆ, ಅದು ನಿಜ. ಹನಿಯಲ್ಲಿರೋ ಆಮ್ಲಜನಕ ನಕ್ಷತ್ರದ್ದು ಅನ್ನೋದೂ ನಿಜ.

ನೋಡೋದು ಹೇಗೆ ಅಂದ್ರೆ, ಜನವರಿಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಬೀದಿ ದೀಪ ಇಲ್ಲದ ಕಡೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಮೊದಲು ಆ ಮೂರು ನಕ್ಷತ್ರಗಳ ಸಾಲನ್ನು ಹುಡುಕಿ. ಸಾಲಿನ ಒಂದು ಪಕ್ಕ ಕೆಂಪಗಿರೋದು ಆರಿದ್ರೆ, ಇನ್ನೊಂದು ಪಕ್ಕ ಬೆಳ್ಳಗಿರೋದು ರೈಜೆಲ್. ಸಾಲನ್ನೇ ಮೇಲಕ್ಕೆ ಎಳೆದರೆ ರೋಹಿಣಿ, ಇನ್ನೂ ಮೇಲೆ ನೆತ್ತಿಯ ಹತ್ತಿರ ಕೃತ್ತಿಕೆ, ಕೆಳಕ್ಕೆ ಎಳೆದರೆ ಲುಬ್ಧಕ. ಬೈನಾಕ್ಯುಲರ್ ಇದ್ದರೆ ಒರಾಯನ್ ನೀಹಾರಿಕೆಯೂ ಸಿಗುತ್ತೆ. ಕ್ರ್ಯಾಬ್ ನೀಹಾರಿಕೆಗೆ ಮಾತ್ರ ಸಣ್ಣ ದೂರದರ್ಶಕ ಬೇಕು. ಫೋನ್ ಬ್ರೈಟ್‌ನೆಸ್ ಇಳಿಸಿ, ಸಾಧ್ಯವಾದರೆ ಜೇಬಿನಲ್ಲೇ ಇಡಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಇಪ್ಪತ್ತು ನಿಮಿಷವಾದರೂ ಬೇಕು.

ಮುಂದಿನ ವಾರ ಕಪ್ಪುಕುಳಿ. ಪ್ರಶ್ನೆ ಇದ್ದರೆ ವಾಯ್ಸ್ ಮೆಸೇಜ್ ಕಳಿಸಿ, ನಿಮ್ಮೂರ ಭಾಷೆಯಲ್ಲೇ ಕಳಿಸಿ.