ಹತ್ತೊಂಬತ್ತು ಬಾರಿ ಎರಡನೆಯ ಸ್ಥಾನ

ಗಾಲ್ಫ್ ಆಟದ ದಾಖಲೆ ಪುಸ್ತಕದಲ್ಲಿ ಅಕ್ಕಪಕ್ಕದಲ್ಲೇ ಇಟ್ಟು ನೋಡಬೇಕಾದ ಎರಡು ಅಂಕಿಗಳಿವೆ. ಒಂದು 18, ಇನ್ನೊಂದು 19. ಎರಡೂ ಒಬ್ಬರೇ ಆಟಗಾರರಿಗೆ ಸೇರಿದವು. ಈ ಆಟದ ಅತಿ ದೊಡ್ಡ ನಾಲ್ಕು ಪಂದ್ಯಾವಳಿಗಳಿಗೆ 'ಮೇಜರ್'ಗಳೆಂದು ಹೆಸರು. ಅಮೆರಿಕದ ಜಾಕ್ ನಿಕ್ಲಾಸ್ ಆ ಮೇಜರ್‌ಗಳನ್ನು 18 ಬಾರಿ ಗೆದ್ದಿದ್ದಾರೆ. ಅವೇ ಪಂದ್ಯಾವಳಿಗಳಲ್ಲಿ 19 ಬಾರಿ ಎರಡನೆಯ ಸ್ಥಾನ ಪಡೆದಿದ್ದಾರೆ. ಎರಡೂ ದಾಖಲೆಗಳೇ. ಎರಡನ್ನೂ ಇದುವರೆಗೆ ಯಾರೂ ಸರಿಗಟ್ಟಿಲ್ಲ.

ಮೊದಲನೆಯ ಅಂಕಿ ಗಾಲ್ಫ್ ಬಲ್ಲವರಿಗೆಲ್ಲ ಬಾಯಿಪಾಠ. ಎರಡನೆಯದರ ಕಡೆ ಕಣ್ಣು ಹಾಯಿಸುವವರು ಕಡಿಮೆ. ಗೆದ್ದದ್ದಕ್ಕಿಂತ ಒಂದು ಸಲ ಹೆಚ್ಚಾಗಿ ಗೆಲುವಿನ ಹೊಸ್ತಿಲಲ್ಲಿ ನಿಂತು ಹಿಂದಿರುಗಿದ ಆಟಗಾರ ಸಾರ್ವಕಾಲಿಕ ಶ್ರೇಷ್ಠರ ಸಾಲಿನಲ್ಲಿ ಮೊದಲಿಗರಾದದ್ದು ಹೇಗೆ? ಒಂದೆರಡು ಅಂಕಗಳಲ್ಲಿ ರ‍್ಯಾಂಕ್ ತಪ್ಪಿಸಿಕೊಂಡ ಮಕ್ಕಳು ಮತ್ತು ಆ ಅಂಕಗಳು ಎಲ್ಲಿ ಹೋದವೆಂದು ಲೆಕ್ಕ ಕೇಳುವ ತಂದೆತಾಯಿಗಳು, ಇಬ್ಬರೂ ಯೋಚಿಸಬಹುದಾದ ಪ್ರಶ್ನೆ ಇದು.

ಒಂದು ಹೊಡೆತದ ಬೆಲೆ

ಗಾಲ್ಫ್ ಲೆಕ್ಕ ಸರಳ. ಮೈದಾನದಲ್ಲಿ 18 ಕುಳಿಗಳಿರುತ್ತವೆ. ಕೋಲಿನಿಂದ ಚೆಂಡನ್ನು ಹೊಡೆಯುತ್ತ ಒಂದೊಂದೇ ಕುಳಿಗೆ ಸೇರಿಸುತ್ತ ಹೋಗಬೇಕು. ದಿನಕ್ಕೊಂದು ಸುತ್ತಿನಂತೆ ನಾಲ್ಕು ದಿನ, ಒಟ್ಟು 72 ಕುಳಿ. ಅತಿ ಕಡಿಮೆ ಹೊಡೆತಗಳಲ್ಲಿ ಆಟ ಮುಗಿಸಿದವರೇ ವಿಜಯಿ. ಗೆದ್ದವರ ಒಟ್ಟು ಹೊಡೆತ ಸಾಮಾನ್ಯವಾಗಿ 280ರ ಆಸುಪಾಸಿನಲ್ಲಿರುತ್ತದೆ. ನಾಲ್ಕು ದಿನಗಳ 280 ಹೊಡೆತಗಳಲ್ಲಿ ಒಂದೇ ಒಂದು ಹೆಚ್ಚಾದರೂ ಟ್ರೋಫಿ ಇನ್ನೊಬ್ಬರ ಪಾಲು.

ಮೇಜರ್‌ಗಳು ನಾಲ್ಕು. ಆಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್, ಯು.ಎಸ್. ಓಪನ್, ಬ್ರಿಟಿಷ್ ಓಪನ್ ಮತ್ತು ಪಿ.ಜಿ.ಎ. ಚಾಂಪಿಯನ್‌ಷಿಪ್. ನಿಕ್ಲಾಸ್ ಮಾಸ್ಟರ್ಸ್ ಅನ್ನು 6 ಬಾರಿ, ಪಿ.ಜಿ.ಎ.ಯನ್ನು 5 ಬಾರಿ, ಯು.ಎಸ್. ಓಪನ್ ಅನ್ನು 4 ಬಾರಿ, ಬ್ರಿಟಿಷ್ ಓಪನ್ ಅನ್ನು 3 ಬಾರಿ ಗೆದ್ದರು. ಬ್ರಿಟಿಷ್ ಓಪನ್ ಒಂದರಲ್ಲೇ ಎರಡನೆಯ ಸ್ಥಾನ 7 ಬಾರಿ. ಉಳಿದ ಮೂರರಲ್ಲಿ ತಲಾ 4 ಬಾರಿ. ಈ 19ರಲ್ಲಿ ನಾಲ್ಕು ಸಲ ಸೋತದ್ದು ಒಂದೇ ಹೊಡೆತದಿಂದ. ಇನ್ನೊಂದು ಸಲ ಸಮ ಸಮ ಬಂದು, ಮರುದಿನದ ಹೆಚ್ಚುವರಿ ಸುತ್ತಿನಲ್ಲಿ.

ಎಸೆದ ಕೋಲು, ಕಲಿತ ಪಾಠ

ನಿಕ್ಲಾಸ್ ಹುಟ್ಟಿದ್ದು 1940ರ ಜನವರಿ 21ರಂದು, ಓಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ. ತಂದೆ ಚಾರ್ಲಿ ಔಷಧಿ ಅಂಗಡಿ ನಡೆಸುತ್ತಿದ್ದವರು. ಪಾದದ ಕೀಲಿಗೆ ಪೆಟ್ಟಾಗಿ, ಹೆಚ್ಚು ನಡೆಯಬೇಕೆಂದು ವೈದ್ಯರು ಹೇಳಿದಾಗ ಅವರು ಮತ್ತೆ ಗಾಲ್ಫ್ ಮೈದಾನಕ್ಕೆ ಹೋಗತೊಡಗಿದರು. ಜೊತೆಗೆ ಹತ್ತು ವರ್ಷದ ಮಗನನ್ನೂ ಕರೆದೊಯ್ದರು. ಅಲ್ಲಿ ತರಬೇತುದಾರ ಜಾಕ್ ಗ್ರೌಟ್ ಅವರ ಕೈಗೆ ಹುಡುಗ ಸಿಕ್ಕಿದ.

ಒಂದು ದಿನ ಹೊಡೆತ ತಪ್ಪಿದ ಸಿಟ್ಟಿನಲ್ಲಿ ಹುಡುಗ ಕೋಲನ್ನು ಎಸೆದುಬಿಟ್ಟ. ಇನ್ನೊಮ್ಮೆ ಹೀಗೆ ಮಾಡಿದರೆ ಆಟವೇ ಬಂದ್ ಎಂದು ತಂದೆ ಖಡಾಖಂಡಿತವಾಗಿ ಹೇಳಿದರು. ಸೋತಾಗ ಎದುರಾಳಿಯ ಕಣ್ಣನ್ನು ನೋಡಿ, ಕೈಕುಲುಕಿ, ಮನಸ್ಸಿನಿಂದ ಅಭಿನಂದಿಸಬೇಕು ಎಂಬುದೂ ತಂದೆ ಕಲಿಸಿದ್ದೇ ಎಂದು ನಿಕ್ಲಾಸ್ ಮುಂದೆ ಹಲವು ಬಾರಿ ನೆನೆದಿದ್ದಾರೆ. ಗೆಲ್ಲುವುದನ್ನು ಕಲಿಸುವ ತಂದೆಯರು ಬಹಳ. ಸೋಲನ್ನು ಹೇಗೆ ಹೊರಬೇಕೆಂದು ಹತ್ತನೆಯ ವಯಸ್ಸಿಗೇ ಕಲಿಸುವವರು ಅಪರೂಪ. ಆ ಪಾಠ ಮಗನಿಗೆ 19 ಬಾರಿ ಉಪಯೋಗಕ್ಕೆ ಬಂತು.

ಆರಂಭವೇ ಎರಡನೆಯ ಸ್ಥಾನದಿಂದ

ಮೇಜರ್‌ಗಳಲ್ಲಿ ಅವರ ಮೊದಲ ದೊಡ್ಡ ಸಾಧನೆಯೇ ಒಂದು ಸೋಲು. 1960ರ ಯು.ಎಸ್. ಓಪನ್‌ನಲ್ಲಿ, ಇನ್ನೂ ವೃತ್ತಿಪರ ಆಟಗಾರನಾಗದ 20ರ ಯುವಕ, ಆಗಿನ ಜನಪ್ರಿಯ ತಾರೆ ಆರ್ನಾಲ್ಡ್ ಪಾಮರ್ ಅವರಿಗಿಂತ ಎರಡೇ ಹೊಡೆತ ಹಿಂದೆ ಉಳಿದ. ಎರಡು ವರ್ಷದ ನಂತರ, 1962ರಲ್ಲಿ ಓಕ್‌ಮಾಂಟ್ ಮೈದಾನದಲ್ಲಿ ಅದೇ ಪಂದ್ಯಾವಳಿ, ಅದೇ ಪಾಮರ್. ನಾಲ್ಕು ಸುತ್ತಿನ ಆಟ ಸಮವಾಗಿ, ಹೆಚ್ಚುವರಿ ಸುತ್ತಿನಲ್ಲಿ ನಿಕ್ಲಾಸ್ 71 ಹೊಡೆತ, ಪಾಮರ್ 74. ವೃತ್ತಿಪರರಾಗಿ ನಿಕ್ಲಾಸ್ ಪಡೆದ ಮೊದಲ ಗೆಲುವೇ ಮೇಜರ್ ಆಯಿತು. 1966ರ ಹೊತ್ತಿಗೆ, 26ನೆಯ ವಯಸ್ಸಿನಲ್ಲೇ ನಾಲ್ಕೂ ಮೇಜರ್‌ಗಳು ಅವರ ಖಾತೆಯಲ್ಲಿದ್ದವು.

ಆದರೆ ಪ್ರತಿ ಪೀಳಿಗೆಯಲ್ಲೂ ಅವರಿಗೆ ಅಡ್ಡ ನಿಂತ ಒಬ್ಬರಿದ್ದರು. ಬಡತನದಿಂದ ಮೇಲೆ ಬಂದ ಟೆಕ್ಸಸ್‌ನ ಲೀ ಟ್ರೆವಿನೊ ನಾಲ್ಕು ಮೇಜರ್‌ಗಳಲ್ಲಿ ನಿಕ್ಲಾಸ್ ಅವರನ್ನು ಎರಡನೆಯ ಸ್ಥಾನಕ್ಕೆ ತಳ್ಳಿದರು. ಅವರಿಗಿಂತ ಕಿರಿಯ ಟಾಮ್ ವಾಟ್ಸನ್ ಇನ್ನು ನಾಲ್ಕರಲ್ಲಿ ಅದೇ ಕೆಲಸ ಮಾಡಿದರು.

ಇವುಗಳಲ್ಲಿ ಬಹಳ ನೋವು ಕೊಟ್ಟಿರಬಹುದಾದದ್ದು 1972ರದು. ಆ ವರ್ಷ ಮಾಸ್ಟರ್ಸ್ ಮತ್ತು ಯು.ಎಸ್. ಓಪನ್ ಎರಡನ್ನೂ ಗೆದ್ದು ನಿಕ್ಲಾಸ್ ಸ್ಕಾಟ್ಲೆಂಡ್‌ನ ಮ್ಯೂರ್‌ಫೀಲ್ಡ್‌ಗೆ ಬಂದಿದ್ದರು. ಒಂದೇ ವರ್ಷದಲ್ಲಿ ನಾಲ್ಕನ್ನೂ ಗೆಲ್ಲುವ ಕನಸು ಅರ್ಧ ದಾರಿ ಸವೆಸಿತ್ತು. ಕೊನೆಯ ದಿನ ಆರು ಹೊಡೆತ ಹಿಂದಿದ್ದವರು 66 ಹೊಡೆತಗಳ ಅಮೋಘ ಆಟವಾಡಿ ಬೆನ್ನಟ್ಟಿದರು. ಆದರೆ 17ನೆಯ ಕುಳಿಯಲ್ಲಿ, ಸೋತೆನೆಂದೇ ಭಾವಿಸಿದ್ದ ಟ್ರೆವಿನೊ ಹಸಿರು ಹಾಸಿನ ಆಚೆಯಿಂದ ಹೊಡೆದ ಚೆಂಡು ನೇರ ಕುಳಿಗೆ ಉರುಳಿತು. ನಿಕ್ಲಾಸ್ ಒಂದು ಹೊಡೆತದಿಂದ ಸೋತರು. ಅಂಥ ಅವಕಾಶ ಅವರಿಗೆ ಮತ್ತೆ ಬರಲಿಲ್ಲ.

ಟರ್ನ್‌ಬೆರಿಯ ಬಿಸಿಲು

1977ರ ಬ್ರಿಟಿಷ್ ಓಪನ್ ಇನ್ನೊಂದು ಬಗೆಯದು. ಟರ್ನ್‌ಬೆರಿಯಲ್ಲಿ ನಿಕ್ಲಾಸ್ ಮತ್ತು ವಾಟ್ಸನ್ ಮೊದಲ ಮೂರು ಸುತ್ತುಗಳಲ್ಲಿ ಪಡೆದ ಅಂಕಿಗಳು ಒಂದೇ: 68, 70, 65. ಕೊನೆಯ ದಿನವೂ ಇಬ್ಬರೂ ಜೊತೆಯಲ್ಲೇ ಆಡಿದರು. ಕೊನೆಯ ಕುಳಿಗೆ ಬರುವಾಗ ವಾಟ್ಸನ್ ಒಂದು ಹೊಡೆತ ಮುಂದಿದ್ದರು. ನಿಕ್ಲಾಸ್ ಹೊಡೆದ ಚೆಂಡು ಮುಳ್ಳುಪೊದೆಯ ಬದಿಗೆ ಹೋಗಿ ಬಿತ್ತು. ವಾಟ್ಸನ್ ಅವರ ಚೆಂಡು ಕುಳಿಯಿಂದ ಸುಮಾರು ಎರಡಡಿ ದೂರದಲ್ಲಿ ಬಂದು ನಿಂತಿತು. ಆಟ ಮುಗಿದಂತೆಯೇ ಎಂದು ಎಲ್ಲರೂ ತಿಳಿದರು. ನಿಕ್ಲಾಸ್ ಹಾಗೆ ತಿಳಿಯಲಿಲ್ಲ. ಪೊದೆಯ ಬದಿಯಿಂದಲೇ ಚೆಂಡನ್ನು ಹಸಿರು ಹಾಸಿಗೆ ತಂದು, 30 ಅಡಿಗೂ ಹೆಚ್ಚು ದೂರದಿಂದ ಕುಳಿಗೆ ಸೇರಿಸಿದರು. ಈಗ ಆ ಎರಡಡಿಯ ಚೆಂಡನ್ನು ವಾಟ್ಸನ್ ಸೇರಿಸಲೇಬೇಕಿತ್ತು. ಸೇರಿಸಿದರು. ನಿಕ್ಲಾಸ್ ಅವರ ಹೆಗಲ ಮೇಲೆ ಕೈಹಾಕಿಕೊಂಡು ಮೈದಾನದಿಂದ ಹೊರನಡೆದರು.

ಅಂದಿನ ಲೆಕ್ಕ ನೋಡಿ. ವಾಟ್ಸನ್ 268, ನಿಕ್ಲಾಸ್ 269. ಮೂರನೆಯವರು 279. ಅಲ್ಲಿಯವರೆಗೆ ಬ್ರಿಟಿಷ್ ಓಪನ್‌ನ ದಾಖಲೆ ಇದ್ದದ್ದು 276. ಅದಕ್ಕಿಂತ ಏಳು ಹೊಡೆತ ಕಡಿಮೆ ಆಡಿಯೂ ನಿಕ್ಲಾಸ್ ಸೋತಿದ್ದರು. ಪ್ರಗತಿ ಪತ್ರದಲ್ಲಿ ಕಾಣುವುದು 'ಎರಡನೆಯ ಸ್ಥಾನ' ಎಂಬ ಎರಡು ಪದ ಮಾತ್ರ. ಆಡಿದ ಆಟ ಎಂಥದು ಎಂಬುದನ್ನು ಆ ಪದಗಳು ಹೇಳುವುದಿಲ್ಲ. ಮರುವರ್ಷ, 1978ರಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಅದೇ ಓಪನ್ ಅನ್ನು ಅವರು ಗೆದ್ದರು.

ಇನ್ನೊಂದು ಮುಖ

ಸೋಲೇ ಗೆಲುವಿನ ಮೆಟ್ಟಿಲು ಎಂದು ಇಲ್ಲಿಗೆ ಮುಗಿಸಿಬಿಡುವುದು ಸುಲಭ. ಅದು ಪೂರ್ತಿ ಸತ್ಯವಲ್ಲ ಎಂಬುದಕ್ಕೆ ಡಗ್ ಸ್ಯಾಂಡರ್ಸ್ ಅವರ ಉದಾಹರಣೆ ಇದೆ. 1970ರ ಬ್ರಿಟಿಷ್ ಓಪನ್‌ನಲ್ಲಿ ಕೊನೆಯ ಕುಳಿಯ ಬಳಿ, ಮೂರಡಿಗಿಂತ ಕಡಿಮೆ ದೂರದ ಚೆಂಡನ್ನು ಸೇರಿಸಿದ್ದರೆ ಅವರೇ ವಿಜಯಿ. ಅದು ತಪ್ಪಿತು. ಮರುದಿನದ ಹೆಚ್ಚುವರಿ ಸುತ್ತಿನಲ್ಲಿ ನಿಕ್ಲಾಸ್ ಒಂದು ಹೊಡೆತದಿಂದ ಗೆದ್ದರು. ನಾಲ್ಕು ವರ್ಷ ಮೊದಲು, 1966ರಲ್ಲೂ ಸ್ಯಾಂಡರ್ಸ್ ನಿಕ್ಲಾಸ್ ಅವರಿಗೆ ಸೋತದ್ದು ಒಂದೇ ಹೊಡೆತದಿಂದ. ಒಟ್ಟು ನಾಲ್ಕು ಮೇಜರ್‌ಗಳಲ್ಲಿ ಎರಡನೆಯವರಾದ ಸ್ಯಾಂಡರ್ಸ್ ಒಂದನ್ನೂ ಗೆಲ್ಲಲಿಲ್ಲ. ಅವರು ಕಡಿಮೆ ಆಟಗಾರರೇನಲ್ಲ. ಅಮೆರಿಕದ ವೃತ್ತಿಪರ ಪಂದ್ಯಾವಳಿಗಳಲ್ಲಿ 20 ಗೆಲುವು ಅವರದಿತ್ತು. ಸೋತವರೆಲ್ಲ ಮುಂದೆ ಗೆಲ್ಲುತ್ತಾರೆಂಬ ಖಾತರಿಯನ್ನು ಯಾರೂ ಕೊಡಲಾರರು.

ಹಾಗಾದರೆ ನಿಕ್ಲಾಸ್ ಅವರ ದಾಖಲೆ ಹೇಳುವುದೇನು? ಮತ್ತೆ ಮತ್ತೆ ಆ ಹೊಸ್ತಿಲಿಗೆ ಬಂದು ನಿಲ್ಲುವುದು ತನ್ನ ಕೈಯಲ್ಲಿದೆ, ಒಳಗೆ ಹೋಗುವುದು ಪ್ರತಿ ಸಲ ತನ್ನ ಕೈಯಲ್ಲಿಲ್ಲ ಎಂಬುದನ್ನು. 1966ರಿಂದ 1980ರವರೆಗಿನ 15 ಬ್ರಿಟಿಷ್ ಓಪನ್‌ಗಳಲ್ಲಿ ಒಮ್ಮೆಯೂ ಅವರು ಆರನೆಯ ಸ್ಥಾನಕ್ಕಿಂತ ಕೆಳಗಿಳಿಯಲಿಲ್ಲ. ಗೆದ್ದದ್ದು ಮೂರು ಮಾತ್ರ. ಆ ಮೂರು ಬಂದದ್ದು ಉಳಿದ ಹನ್ನೆರಡರ ಜೊತೆಯಲ್ಲೇ.

ನಲವತ್ತರಲ್ಲಿ ಕಾಗುಣಿತ

ಇದಕ್ಕೆ ಬೇಕಾದ ಶಿಸ್ತು ಸಣ್ಣದಲ್ಲ. ಮೈದಾನದ ದೂರಗಳನ್ನು ಮೊದಲೇ ನಡೆದು ಅಳೆದು ಬರೆದಿಟ್ಟುಕೊಳ್ಳುವುದು ನಿಕ್ಲಾಸ್ ಅವರ ಪದ್ಧತಿ. ಚೆಂಡು ಎಲ್ಲಿಗೆ, ಹೇಗೆ ಹೋಗಿ ಬೀಳಬೇಕೆಂಬುದನ್ನು ಮನಸ್ಸಿನಲ್ಲಿ ಸಿನಿಮಾದಂತೆ ನೋಡಿಯೇ ಅವರು ಕೋಲನ್ನೆತ್ತುತ್ತಿದ್ದರು. ಜಗತ್ತಿನ ಅಗ್ರಮಾನ್ಯ ಆಟಗಾರರಾದ ಮೇಲೂ ಹೊಸ ವರ್ಷದ ಆರಂಭದಲ್ಲಿ ಬಾಲ್ಯದ ಗುರು ಗ್ರೌಟ್ ಅವರ ಬಳಿ ಹೋಗಿ, ಕೋಲನ್ನು ಹಿಡಿಯುವ, ನಿಲ್ಲುವ ಮೂಲಪಾಠಗಳಿಂದಲೇ ಅಭ್ಯಾಸ ಶುರು ಮಾಡುತ್ತಿದ್ದರು.

1979ರಲ್ಲಿ ಅವರಿಗೆ ಒಂದೂ ಗೆಲುವು ದಕ್ಕಲಿಲ್ಲ. ಕಾಲ ಮುಗಿಯಿತೆಂದು ಹಲವರು ಅಂದರು. ನಿಕ್ಲಾಸ್ ಮತ್ತೆ ಗ್ರೌಟ್ ಅವರ ಮುಂದೆ ನಿಂತರು. ತಮ್ಮ ದುರ್ಬಲ ಭಾಗವಾಗಿದ್ದ ಸಣ್ಣ ದೂರದ ಹೊಡೆತಗಳನ್ನು ಸಮಕಾಲೀನ ಆಟಗಾರ ಫಿಲ್ ರಾಜರ್ಸ್ ಅವರಿಂದ ಕಲಿತರು. 1980ರಲ್ಲಿ ಯು.ಎಸ್. ಓಪನ್ ಮತ್ತು ಪಿ.ಜಿ.ಎ. ಎರಡೂ ಅವರಿಗೇ ಬಂದವು. ಪಿ.ಜಿ.ಎ.ಯಲ್ಲಿ ಗೆಲುವಿನ ಅಂತರ ಏಳು ಹೊಡೆತ!

ಕೊನೆಯ ಗೆಲುವು 1986ರ ಮಾಸ್ಟರ್ಸ್. ಆಗ ವಯಸ್ಸು 46. ಅವರ ಕತೆ ಮುಗಿಯಿತೆಂಬ ಪತ್ರಿಕಾ ಬರಹವೊಂದನ್ನು ಗೆಳೆಯರೊಬ್ಬರು ಕತ್ತರಿಸಿ ತಂಗಿದ್ದ ಮನೆಯ ಫ್ರಿಜ್‌ಗೆ ಅಂಟಿಸಿದ್ದರು. ಕೋಲುಗಳ ಚೀಲ ಹೊತ್ತು ಜೊತೆಯಲ್ಲಿ ನಡೆದದ್ದು ಹಿರಿಯ ಮಗ ಜಾಕಿ. ಕೊನೆಯ ದಿನ ನಾಲ್ಕು ಹೊಡೆತ ಹಿಂದಿದ್ದ ನಿಕ್ಲಾಸ್ ಕೊನೆಯ ಒಂಬತ್ತು ಕುಳಿಗಳನ್ನು 30 ಹೊಡೆತಗಳಲ್ಲಿ ಮುಗಿಸಿ, ಒಂದು ಹೊಡೆತದಿಂದ ಗೆದ್ದರು. ಮಾಸ್ಟರ್ಸ್ ಗೆದ್ದ ಅತಿ ಹಿರಿಯ ಆಟಗಾರನೆಂಬ ಆ ದಾಖಲೆ ಇಂದಿಗೂ ಅವರದೇ. ಹತ್ತೊಂಬತ್ತನೆಯ ಎರಡನೆಯ ಸ್ಥಾನ ಬಂದದ್ದು 1983ರಲ್ಲಿ. ಹದಿನೆಂಟನೆಯ ಗೆಲುವು ಅದರ ನಂತರದ್ದು ಎಂಬುದು ಗಮನಿಸಬೇಕಾದ ಸಂಗತಿ.

ಟೈಗರ್ ವುಡ್ಸ್ ಬಾಲಕನಾಗಿದ್ದಾಗ ನಿಕ್ಲಾಸ್ ಅವರ ಸಾಧನೆಗಳ ಪಟ್ಟಿಯನ್ನು ಮಲಗುವ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದರು. 2019ರ ಮಾಸ್ಟರ್ಸ್‌ನೊಂದಿಗೆ ವುಡ್ಸ್ ಅವರ ಗೆಲುವುಗಳು 15ಕ್ಕೆ ಬಂದು ನಿಂತವು. ಎರಡನೆಯ ಸ್ಥಾನಗಳು 7. ಗೋಡೆಗೆ ಅಂಟಿಸಿಕೊಳ್ಳುವ ಪಟ್ಟಿಯಲ್ಲಿ ಗೆಲುವುಗಳಿಗೆ ಮಾತ್ರ ಜಾಗವಿರುವುದು ಸಹಜ. ಆದರೆ ಮನೆಯಲ್ಲಿ ಓದುವ ಮಕ್ಕಳಿರುವವರು ಆ ಇನ್ನೊಂದು ಪಟ್ಟಿಯನ್ನೂ ಅದರ ಪಕ್ಕದಲ್ಲೇ ಅಂಟಿಸುವುದು ಒಳ್ಳೆಯದು. ಒಂದು ಅಂಕ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿಬಿಡುತ್ತದೆ. ಮುಂದಿನ ಸಲವೂ ಇಲ್ಲಿಯವರೆಗೆ ಬರಲು ಏನು ಮಾಡಬೇಕು ಎಂಬ ಪ್ರಶ್ನೆಗೆ ಮಾತ್ರ ತಂದೆ, ಮಗ, ಗುರು ಮೂವರೂ ಕೂತು ಉತ್ತರ ಹುಡುಕಬೇಕಾಗುತ್ತದೆ.